ವಿಮಾನ ರದ್ದಾದಾಗ ಬೇರೆ ವಿಮಾನ ಏಕೆ ಸಿಗಲಿಲ್ಲ? ಪೈಪೋಟಿ, ಏಕಸ್ವಾಮ್ಯ ಮತ್ತು ಮಾರುಕಟ್ಟೆ ಶಕ್ತಿಯ ಒಳಲೆಕ್ಕ

2025ರ ಡಿಸೆಂಬರ್ 5ರಂದು ಇಂಡಿಗೊ ಸಾವಿರಕ್ಕೂ ಹೆಚ್ಚು ಹಾರಾಟಗಳನ್ನು ಒಂದೇ ದಿನ ರದ್ದು ಮಾಡಿತು. ಅದರ ಹಿಂದುಮುಂದಿನ ದಿನಗಳಲ್ಲೂ ದೆಹಲಿ, ಮುಂಬೈ, ಹೈದರಾಬಾದ್, ಬೆಂಗಳೂರು ನಿಲ್ದಾಣಗಳಲ್ಲಿ ಜನ ನೆಲದ ಮೇಲೆಯೇ ರಾತ್ರಿ ಕಳೆದರು. ಕಾರಣ ಹಠಾತ್ತಾಗಿ ಬಂದದ್ದಲ್ಲ. ಪೈಲಟ್‌ಗಳ ದಣಿವು ತಗ್ಗಿಸಲು ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಬಹಳ ಮೊದಲೇ ಹೊಸ ನಿಯಮ ಪ್ರಕಟಿಸಿತ್ತು. ವಾರದ ಕಡ್ಡಾಯ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ಪೈಲಟ್ ಒಬ್ಬರು ರಾತ್ರಿ ವೇಳೆ ವಿಮಾನ ಇಳಿಸಬಹುದಾದ ಮಿತಿ ಆರರಿಂದ ಎರಡಕ್ಕೆ ಇಳಿಯಿತು. ಎರಡನೇ ಹಂತದ ನಿಯಮಗಳು ನವೆಂಬರ್ 1ರಿಂದ ಜಾರಿಗೆ ಬಂದವು. ನಿಯಮ ಎಲ್ಲ ಕಂಪನಿಗಳಿಗೂ ಒಂದೇ ಆಗಿತ್ತು, ಆದರೆ ಕುಸಿದು ಬಿದ್ದದ್ದು ಇಂಡಿಗೊ ವೇಳಾಪಟ್ಟಿ. ತನ್ನ ಅಂದಾಜು ತಪ್ಪಿತು, ಯೋಜನೆಯಲ್ಲಿ ಲೋಪವಿತ್ತು ಎಂದು ಕಂಪನಿಯೂ ಒಪ್ಪಿಕೊಂಡಿತು.

ಒಂದು ಕಂಪನಿಯ ಸೇವೆ ಕೆಟ್ಟರೆ ಗ್ರಾಹಕ ಇನ್ನೊಂದರ ಬಳಿ ಹೋಗುತ್ತಾನೆ. ಪೈಪೋಟಿ ಇರುವ ಮಾರುಕಟ್ಟೆಯಲ್ಲಿ ನಡೆಯಬೇಕಾದ್ದು ಅದು. ಆ ವಾರ ಹಾಗಾಗಲಿಲ್ಲ. ಉಳಿದ ಕಂಪನಿಗಳಲ್ಲಿ ಸೀಟೇ ಇರಲಿಲ್ಲ. ಇದ್ದ ಸೀಟುಗಳ ದರ ಹಲವು ಪಟ್ಟು ಏರಿತು. ಡಿಸೆಂಬರ್ 6ರಂದು ಕೇಂದ್ರ ಸರ್ಕಾರ ದರಕ್ಕೆ ಮಿತಿ ಹಾಕಬೇಕಾಯಿತು: 500 ಕಿಲೋಮೀಟರ್‌ವರೆಗೆ 7,500 ರೂಪಾಯಿ, ಸಾವಿರದವರೆಗೆ 12,000, ಒಂದೂವರೆ ಸಾವಿರದವರೆಗೆ 15,000, ಅದಕ್ಕೂ ದೂರಕ್ಕೆ 18,000. ಇಷ್ಟರ ನಡುವೆ ಇನ್ನೊಂದು ಸಂಗತಿ ನಡೆಯಿತು. ಪ್ರಯಾಣಿಕರ ಸುರಕ್ಷತೆಗೆಂದೇ ಮಾಡಿದ ವಿಶ್ರಾಂತಿ ನಿಯಮದ ಕೆಲವು ಭಾಗಗಳಿಂದ ಇಂಡಿಗೊಗೆ ತಾತ್ಕಾಲಿಕ ವಿನಾಯಿತಿ ಕೊಡಲಾಯಿತು. ಕೊಡದಿದ್ದರೆ ದೇಶದ ವಿಮಾನ ಸಂಚಾರ ಹಳಿಗೆ ಬರುವ ದಾರಿ ಕಾಣುತ್ತಿರಲಿಲ್ಲ.

ಅರ್ಥಶಾಸ್ತ್ರದಲ್ಲಿ ‘ಮಾರುಕಟ್ಟೆ ಶಕ್ತಿ’ ಎನ್ನುವುದರ ಅರ್ಥ ಈ ಕೊನೆಯ ಸಂಗತಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಅದು ಬರೀ ದುಬಾರಿ ಟಿಕೆಟ್‌ನ ವಿಷಯವಲ್ಲ.

ಬೆಲೆಯನ್ನು ಯಾರು ನಿರ್ಧರಿಸುತ್ತಾರೆ?

ಸಂತೆಯಲ್ಲಿ ಹತ್ತು ಮಂದಿ ಟೊಮೆಟೊ ಹರಡಿಕೊಂಡು ಕೂತಿದ್ದಾರೆ ಎನ್ನಿ. ಎಲ್ಲರ ಹಣ್ಣೂ ಒಂದೇ ಥರ. ಒಬ್ಬರು ಕಿಲೋಗೆ ಐದು ರೂಪಾಯಿ ಹೆಚ್ಚು ಹೇಳಿದರೆ ಕೊಳ್ಳುವವರು ಪಕ್ಕದ ರಾಶಿಗೆ ಹೋಗುತ್ತಾರೆ. ಹಾಗಾಗಿ ಅಲ್ಲಿ ಯಾರೂ ಬೆಲೆ ನಿರ್ಧರಿಸುವುದಿಲ್ಲ. ಸಂತೆಯಲ್ಲಿ ನಡೆಯುತ್ತಿರುವ ಬೆಲೆಗೆ ಒಪ್ಪಿಕೊಳ್ಳುತ್ತಾರೆ, ಅಷ್ಟೆ. ಇದನ್ನು ಪರಿಪೂರ್ಣ ಪೈಪೋಟಿ ಎನ್ನುತ್ತಾರೆ. ಮಾರುವವರು ಹಲವರು, ಸರಕು ಒಂದೇ ಬಗೆಯದು, ಬೆಲೆ ಎಲ್ಲರಿಗೂ ಗೊತ್ತು, ಹೊಸಬರು ಬಂದು ಕೂರಲು ಅಡ್ಡಿಯಿಲ್ಲ. ಈ ನಾಲ್ಕೂ ಒಟ್ಟಿಗೆ ಇರುವ ಉದ್ದಿಮೆ ನಿಜಜೀವನದಲ್ಲಿ ಅಪರೂಪ. ಆದರೂ ಅಳತೆಗೋಲಾಗಿ ಇದು ಬೇಕು.

ಇನ್ನೊಂದು ತುದಿಯಲ್ಲಿ ಏಕಸ್ವಾಮ್ಯ ಇದೆ. ಮಾರುವವರು ಒಬ್ಬರೇ, ಅದಕ್ಕೆ ಬದಲಿ ಸರಕೂ ಇಲ್ಲ. ಇಬ್ಬರೇ ಇದ್ದರೆ ದ್ವಿಸ್ವಾಮ್ಯ, ಬೆರಳೆಣಿಕೆಯಷ್ಟು ಮಂದಿ ಇದ್ದರೆ ಅಲ್ಪಸ್ವಾಮ್ಯ. ನಾವು ದಿನನಿತ್ಯ ವ್ಯವಹರಿಸುವ ಸಿಮೆಂಟ್, ಮೊಬೈಲ್ ಸೇವೆ, ವಿಮಾನ, ಆ್ಯಪ್ ಮೂಲಕ ಊಟ ತರಿಸುವುದು, ಇವೆಲ್ಲ ಬಹುಮಟ್ಟಿಗೆ ಈ ನಡುವಿನ ಜಾಗದಲ್ಲೇ ಇವೆ.

ಬೆಲೆಯನ್ನು ಏರಿಸಿಯೂ ಗ್ರಾಹಕರನ್ನು ಹೆಚ್ಚು ಕಳೆದುಕೊಳ್ಳದೆ ಲಾಭ ಉಳಿಸಿಕೊಳ್ಳುವ ಸಾಮರ್ಥ್ಯವೇ ಮಾರುಕಟ್ಟೆ ಶಕ್ತಿ. ಅಬ್ಬಾ ಲರ್ನರ್ ಎಂಬ ಅರ್ಥಶಾಸ್ತ್ರಜ್ಞ 1934ರಲ್ಲಿ ಇದನ್ನು ಅಳೆಯಲು ಸರಳ ಸೂತ್ರವೊಂದನ್ನು ಕೊಟ್ಟರು. ಇನ್ನೊಂದು ಸರಕು ತಯಾರಿಸಲು ತಗಲುವ ಹೆಚ್ಚುವರಿ ಖರ್ಚನ್ನು ಬೆಲೆಯಿಂದ ಕಳೆಯಿರಿ, ಬಂದದ್ದನ್ನು ಬೆಲೆಯಿಂದ ಭಾಗಿಸಿ. ನೂರು ರೂಪಾಯಿಯ ಸರಕಿಗೆ ಖರ್ಚು ನೂರೇ ಆದರೆ ಉತ್ತರ ಸೊನ್ನೆ, ಅಂದರೆ ಶಕ್ತಿ ಇಲ್ಲ. ಖರ್ಚು ಅರವತ್ತಾದರೆ 0.4. ಸೂತ್ರ ಸುಲಭ, ಆದರೆ ಆ ಹೆಚ್ಚುವರಿ ಖರ್ಚನ್ನು ಹೊರಗಿನವರು ಲೆಕ್ಕ ಹಾಕುವುದು ಕಷ್ಟ. ವಿಮಾನದ ವಿಷಯದಲ್ಲಂತೂ ಅದೇ ದೊಡ್ಡ ಒಗಟು.

ಬೆಲೆ ಹಾಗೇ ಇಟ್ಟು ಗುಣಮಟ್ಟ ಇಳಿಸುವುದೂ ಇದೇ ಶಕ್ತಿಯ ಇನ್ನೊಂದು ಮುಖ. ಸಹಾಯವಾಣಿಗೆ ಸಿಬ್ಬಂದಿ ಕಡಿಮೆ ಮಾಡುವುದು, ತುರ್ತಿಗೆಂದು ಹೆಚ್ಚುವರಿ ಪೈಲಟ್‌ಗಳನ್ನು ಇಟ್ಟುಕೊಳ್ಳದಿರುವುದು, ಮರುಪಾವತಿ ತಡ ಮಾಡುವುದು, ಇವೆಲ್ಲ ಗ್ರಾಹಕನಿಗೆ ಬೇರೆ ದಾರಿ ಇಲ್ಲ ಎನ್ನುವಾಗ ಸುಲಭವಾಗುತ್ತವೆ.

ಯಾವ ಮಾರುಕಟ್ಟೆಯ ಮಾತು?

ಒಂದು ಕಂಪನಿಗೆ ಏಕಸ್ವಾಮ್ಯ ಇದೆಯೇ ಎಂದು ಕೇಳುವ ಮುನ್ನ ಯಾವ ಮಾರುಕಟ್ಟೆಯಲ್ಲಿ ಎಂದು ಕೇಳಬೇಕು. ಸ್ಪರ್ಧಾ ಕಾನೂನಿನ ಮೊಕದ್ದಮೆಗಳಲ್ಲಿ ವಕೀಲರ ವಾದದ ದೊಡ್ಡ ಪಾಲು ಇದರ ಮೇಲೆಯೇ ನಡೆಯುತ್ತದೆ.

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವವರಿಗೆ ವಿಮಾನವಲ್ಲದೆ ರಾತ್ರಿಯ ಸ್ಲೀಪರ್ ಬಸ್ಸುಗಳಿವೆ, ರೈಲುಗಳಿವೆ. 2023ರ ಜೂನ್‌ನಿಂದ ಧಾರವಾಡದವರೆಗೆ ವಂದೇ ಭಾರತ್ ಕೂಡ ಇದೆ. ವಿಮಾನದ ದರ ತುಸು ಏರಿದರೆ ಜನ ಬಸ್ಸು, ರೈಲಿಗೆ ಹೋಗುತ್ತಾರೆ. ಹಾಗಾಗಿ ಆ ದಾರಿಯಲ್ಲಿ ಒಂದೇ ವಿಮಾನ ಕಂಪನಿ ಇದ್ದರೂ ಅದರ ಕೈ ಅಷ್ಟೇನೂ ಬಿಗಿಯಲ್ಲ. ಅದೇ ಬೆಂಗಳೂರಿನಿಂದ ದೆಹಲಿಗೆ ರೈಲಿನಲ್ಲಿ ಒಂದೂವರೆ ದಿನದ ಹತ್ತಿರ ಬೇಕು. ನಾಳೆ ಬೆಳಿಗ್ಗೆ ದೆಹಲಿಯಲ್ಲಿ ಸಂದರ್ಶನ ಇರುವವರಿಗೆ ರೈಲು ಬದಲಿಯೇ ಅಲ್ಲ.

ಇದನ್ನು ಪರೀಕ್ಷಿಸುವ ವಿಧಾನ ಹೀಗಿದೆ. ಒಂದು ಸೇವೆಯ ಬೆಲೆಯನ್ನು ಶೇಕಡ ಐದರಿಂದ ಹತ್ತರಷ್ಟು ಏರಿಸಿ ಅಲ್ಲೇ ನಿಲ್ಲಿಸಿದರೆ ಎಷ್ಟು ಜನ ಬೇರೆ ಕಡೆ ಹೋಗುತ್ತಾರೆ? ಏರಿಕೆ ನಷ್ಟ ತರುವಷ್ಟು ಜನ ಹೋದರೆ, ಅವರು ಹೋಗುವ ಸೇವೆಯನ್ನೂ ಅದೇ ಮಾರುಕಟ್ಟೆಗೆ ಸೇರಿಸಬೇಕು. ಹೋಗದಿದ್ದರೆ ಮಾರುಕಟ್ಟೆಯ ಗಡಿ ಅಲ್ಲಿಗೇ ಮುಗಿಯಿತು. ವಿಮಾನಯಾನದಲ್ಲಿ ಹೀಗೆ ನೋಡಿದಾಗ ಪ್ರತಿಯೊಂದು ಊರುಜೋಡಿಯೂ ಒಂದು ಪ್ರತ್ಯೇಕ ಮಾರುಕಟ್ಟೆಯಾಗುತ್ತದೆ. ಇಡೀ ದೇಶದಲ್ಲಿ ನಾಲ್ಕಾರು ಕಂಪನಿಗಳಿದ್ದರೂ ನಿಮ್ಮೂರಿನಿಂದ ಹೊರಡುವುದು ಒಂದೇ ಆದರೆ ನಿಮ್ಮ ಪಾಲಿಗೆ ಅದು ಏಕಸ್ವಾಮ್ಯವೇ.

ಉಡಾನ್ ಯೋಜನೆಯಲ್ಲಿ ಸರ್ಕಾರವೇ ಇಂಥ ಏಕಸ್ವಾಮ್ಯವನ್ನು ಕೊಡುತ್ತದೆ. ಸಣ್ಣ ಊರಿನ ಮಾರ್ಗವನ್ನು ಹರಾಜಿನಲ್ಲಿ ಪಡೆದ ಕಂಪನಿಗೆ ಮೂರು ವರ್ಷ ಆ ಮಾರ್ಗ ಮೀಸಲು. ಹೊಸ ದಾರಿಯಲ್ಲಿ ಮೊದಲ ದಿನಗಳ ನಷ್ಟ ಒಬ್ಬರು ಹೊತ್ತು, ದಾರಿ ಕುದುರಿದ ಮೇಲೆ ದೊಡ್ಡವರು ಬಂದು ಕೂರುವಂತಾದರೆ ಯಾರೂ ಮೊದಲು ಹೋಗುವುದಿಲ್ಲ. ಔಷಧಕ್ಕೆ ಪೇಟೆಂಟ್ ಕೊಡುವುದರ ಹಿಂದಿನ ತರ್ಕವೂ ಇಂಥದ್ದೇ. ಏಕಸ್ವಾಮ್ಯ ಎಂದೊಡನೆ ಕೆಟ್ಟದ್ದು ಎಂದು ತೀರ್ಪು ಕೊಡಲಾಗದು ಎನ್ನಲು ಇದೊಂದು ಕಾರಣ.

ಎಷ್ಟು ಸಾಂದ್ರವಾಗಿದೆ?

ಮಾರುಕಟ್ಟೆ ಎಷ್ಟು ಕೆಲವೇ ಕೈಗಳಲ್ಲಿದೆ ಎಂದು ತಿಳಿಯಲು ಹರ್ಫಿಂಡಾಲ್-ಹರ್ಷ್‌ಮನ್ ಸೂಚ್ಯಂಕ ಬಳಸುತ್ತಾರೆ. ಹೆಸರು ಉದ್ದ, ಲೆಕ್ಕ ಚಿಕ್ಕದು. ಪ್ರತಿ ಕಂಪನಿಯ ಶೇಕಡಾವಾರು ಪಾಲನ್ನು ಅದರಿಂದಲೇ ಗುಣಿಸಿ, ಎಲ್ಲವನ್ನೂ ಕೂಡಿಸಿ. ಒಂದೇ ಕಂಪನಿ ಪೂರ್ತಿ ನೂರು ಪಾಲು ಹೊಂದಿದ್ದರೆ 10,000. ತಲಾ ಹತ್ತು ಪಾಲಿನ ಹತ್ತು ಕಂಪನಿಗಳಿದ್ದರೆ 1,000.

2025ರ ಕೊನೆಯ ತಿಂಗಳುಗಳಲ್ಲಿ ದೇಶದೊಳಗಿನ ಪ್ರಯಾಣಿಕರಲ್ಲಿ ಇಂಡಿಗೊ ಪಾಲು ಶೇ 65ರ ಆಸುಪಾಸು, ಏರ್ ಇಂಡಿಯಾ ಸಮೂಹದ್ದು ಶೇ 26ರಷ್ಟು, ಆಕಾಸ ಏರ್‌ನದು ಐದರಷ್ಟು, ಸ್ಪೈಸ್‌ಜೆಟ್‌ನದು ಎರಡು ಮೂರು. 65 ಗುಣಿಸು 65 ಎಂದರೆ 4,225. 26 ಗುಣಿಸು 26 ಎಂದರೆ 676. ಉಳಿದವರೆಲ್ಲ ಸೇರಿ ಮೂವತ್ತು ನಲವತ್ತು. ಒಟ್ಟು 4,900ರ ಹತ್ತಿರ. ಅಮೆರಿಕದ ಅಧಿಕಾರಿಗಳು 2023ರ ತಮ್ಮ ಮಾರ್ಗಸೂಚಿಯಲ್ಲಿ 1,800 ದಾಟಿದರೆ ಅದನ್ನು ಅತಿ ಸಾಂದ್ರ ಮಾರುಕಟ್ಟೆ ಎಂದು ಕರೆಯುತ್ತಾರೆ. ಭಾರತದ ಕಾನೂನು ಇಂಥ ಗೆರೆ ಎಳೆದಿಲ್ಲ. ಕಂಪನಿಯ ಗಾತ್ರ, ಗ್ರಾಹಕರ ಅವಲಂಬನೆ, ಹೊಸಬರಿಗಿರುವ ಅಡ್ಡಿ ಮುಂತಾದ ಹಲವು ಅಂಶಗಳನ್ನು ಒಟ್ಟಿಗೆ ತೂಗಲು ಹೇಳುತ್ತದೆ.

ಶೇ 65 ಎಂಬ ಆ ಮೊದಲ ಸಂಖ್ಯೆಯ ಅರ್ಥ ಡಿಸೆಂಬರ್‌ನಲ್ಲಿ ಜನರಿಗೆ ಬೇರೆ ರೀತಿಯಲ್ಲಿ ತಿಳಿಯಿತು. ನೂರರಲ್ಲಿ ಅರವತ್ತೈದು ಮಂದಿಯನ್ನು ಹೊತ್ತೊಯ್ಯುವ ಕಂಪನಿ ನಿಂತರೆ ಉಳಿದ ಮೂವತ್ತೈದನ್ನು ಹೊರುವವರು ಅವರನ್ನೂ ಹೊರಲಾರರು. ಅವರ ಬಳಿ ಅಷ್ಟು ವಿಮಾನಗಳೂ ಇಲ್ಲ, ಪೈಲಟ್‌ಗಳೂ ಇಲ್ಲ.

ಉಳಿದವರೆಲ್ಲ ಎಲ್ಲಿ ಹೋದರು?

1953ರ ಕಾನೂನಿನ ಮೂಲಕ ಆಗಿನ ಖಾಸಗಿ ವಿಮಾನ ಕಂಪನಿಗಳನ್ನು ರಾಷ್ಟ್ರೀಕರಣ ಮಾಡಲಾಯಿತು. ದೇಶದೊಳಗಿನ ಹಾರಾಟ ಇಂಡಿಯನ್ ಏರ್‌ಲೈನ್ಸ್‌ಗೆ, ಹೊರದೇಶದ್ದು ಏರ್ ಇಂಡಿಯಾಕ್ಕೆ ಬಂತು. ನಾಲ್ಕು ದಶಕ ಇದ್ದದ್ದು ಕಾನೂನೇ ಕೊಟ್ಟ ಏಕಸ್ವಾಮ್ಯ. 1994ರಲ್ಲಿ ಆ ಕಾನೂನು ರದ್ದಾಯಿತು. ಅದಕ್ಕೂ ಸ್ವಲ್ಪ ಮೊದಲೇ ಏರ್ ಟ್ಯಾಕ್ಸಿ ಹೆಸರಿನಲ್ಲಿ ಹೊಸಬರು ಹಾರತೊಡಗಿದ್ದರು. ಈಸ್ಟ್-ವೆಸ್ಟ್, ದಮಾನಿಯಾ, ಮೋದಿಲುಫ್ತ್, ಎನ್‌ಇಪಿಸಿ, ಜೆಟ್, ಸಹಾರಾ. ತೊಂಬತ್ತರ ದಶಕ ಮುಗಿಯುವಷ್ಟರಲ್ಲಿ ಇವುಗಳಲ್ಲಿ ಜೆಟ್ ಮತ್ತು ಸಹಾರಾ ಮಾತ್ರ ಉಳಿದವು.

ಎರಡನೇ ಅಲೆಯ ಕೇಂದ್ರ ಬೆಂಗಳೂರು. ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದರು. ಒಂದು ರೂಪಾಯಿಯ ಟಿಕೆಟ್ ಮಾರಿದ್ದು ಇದೇ ಕಂಪನಿ. ಅದುವರೆಗೆ ರೈಲಿನ ಎ.ಸಿ. ಬೋಗಿಯಲ್ಲಿ ಹೋಗುತ್ತಿದ್ದವರು ಮೊದಲ ಬಾರಿ ವಿಮಾನ ಹತ್ತಿದರು. 2005ರಲ್ಲಿ ಬೆಂಗಳೂರಿನದೇ ಕಿಂಗ್‌ಫಿಷರ್ ಬಂತು, 2006ರಲ್ಲಿ ಇಂಡಿಗೊ. ಡೆಕ್ಕನ್ ನಷ್ಟದಲ್ಲಿ ಮುಳುಗಿ ಕಿಂಗ್‌ಫಿಷರ್ ಪಾಲಾಯಿತು, ಕಿಂಗ್‌ಫಿಷರ್ 2012ರಲ್ಲಿ ನಿಂತಿತು. ಜೆಟ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ಹಾರಾಟ ನಿಲ್ಲಿಸಿದವು. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಸಮೂಹಕ್ಕೆ ಹೋಯಿತು. ವಿಸ್ತಾರಾ ಮತ್ತು ಬೆಂಗಳೂರಿನಿಂದ ಶುರುವಾಗಿದ್ದ ಏರ್‌ಏಷ್ಯಾ ಇಂಡಿಯಾ ಎರಡೂ 2024ರ ಕೊನೆಯೊಳಗೆ ಆ ಸಮೂಹದಲ್ಲಿ ವಿಲೀನವಾದವು.

ಈ ಸಾವುಗಳಲ್ಲಿ ಕೆಲವಕ್ಕೆ ಕೆಟ್ಟ ಆಡಳಿತ ಕಾರಣ, ಕೆಲವಕ್ಕೆ ಸಾಲ. ಗೋ ಫಸ್ಟ್ ತನ್ನ ವಿಮಾನಗಳ ಎಂಜಿನ್ ಸಮಸ್ಯೆಯನ್ನು ಕಾರಣವಾಗಿ ಮುಂದಿಟ್ಟಿತು. ಆದರೆ ಮೂವತ್ತು ವರ್ಷಗಳಲ್ಲಿ ಇಷ್ಟೊಂದು ಕಂಪನಿಗಳು ಒಂದರ ಹಿಂದೊಂದು ಮುಳುಗಿದವು ಎಂದರೆ ಈ ವ್ಯಾಪಾರದ ಕಟ್ಟಡದಲ್ಲೇ ಏನೋ ಇರಬೇಕು. ಅದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು.

ವಿಮಾನವೊಂದು ಬೆಂಗಳೂರಿನಿಂದ ಮುಂಬೈಗೆ ಹೊರಡಲು ಬೇಕಾದ ಖರ್ಚು ಬಹುಪಾಲು ಮೊದಲೇ ನಿಗದಿಯಾಗಿರುತ್ತದೆ. ವಿಮಾನದ ಬಾಡಿಗೆ, ಇಂಧನ, ಪೈಲಟ್ ಸಂಬಳ, ನಿಲ್ದಾಣದ ಶುಲ್ಕ. ಸೀಟುಗಳು ತುಂಬಿರಲಿ ಖಾಲಿ ಇರಲಿ, ಇದು ಹೆಚ್ಚುಕಡಿಮೆ ಅಷ್ಟೇ. ಖಾಲಿ ಸೀಟಿಗೆ ಇನ್ನೊಬ್ಬ ಪ್ರಯಾಣಿಕ ಬಂದರೆ ತಗಲುವ ಹೆಚ್ಚುವರಿ ಖರ್ಚು ತೀರಾ ಸಣ್ಣದು. ವಿಮಾನ ಮೇಲೇರಿದ ಕ್ಷಣ ಖಾಲಿ ಸೀಟಿನ ಬೆಲೆ ಸೊನ್ನೆ, ಅದನ್ನು ನಾಳೆಗೆ ಎತ್ತಿಡಲು ಬರುವುದಿಲ್ಲ. ಹಾಗಾಗಿ ಸಮಯ ಹತ್ತಿರ ಬಂದು ಸೀಟು ಉಳಿದಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಆ ಗಳಿಗೆಯ ಮಟ್ಟಿಗೆ ಲಾಭವೇ.

ಒಂದೇ ದಾರಿಯಲ್ಲಿ ನಾಲ್ಕು ಕಂಪನಿಗಳಿದ್ದು ನಾಲ್ವರೂ ಹೀಗೆಯೇ ಲೆಕ್ಕ ಹಾಕಿದರೆ ದರ ಕೆಳಗೆ ಕೆಳಗೆ ಜಾರುತ್ತದೆ. ಕೊನೆಗೆ ಅದು ಆ ಸಣ್ಣ ಹೆಚ್ಚುವರಿ ಖರ್ಚಿನ ಹತ್ತಿರ ಬಂದು ನಿಲ್ಲುತ್ತದೆ. ಪ್ರಯಾಣಿಕನಿಗೆ ಹಬ್ಬ. ಆದರೆ ವಿಮಾನದ ಬಾಡಿಗೆ, ಸಂಬಳ, ಬಡ್ಡಿ ಕಟ್ಟಲು ಆ ಹಣ ಸಾಲದು. ಯಾರ ಬಳಿ ಹೆಚ್ಚು ನಗದು ಇದೆಯೋ, ಯಾರ ಸರಾಸರಿ ಖರ್ಚು ಕಡಿಮೆಯೋ ಅವರು ಉಳಿಯುತ್ತಾರೆ. ಇಂಡಿಗೊ ಬಹುಮಟ್ಟಿಗೆ ಒಂದೇ ಮಾದರಿಯ ಏರ್‌ಬಸ್ ವಿಮಾನಗಳನ್ನು ಇಟ್ಟುಕೊಂಡಿತು. ತರಬೇತಿ, ಬಿಡಿಭಾಗ, ದುರಸ್ತಿ ಎಲ್ಲವೂ ಅಗ್ಗವಾಯಿತು. ಹಾರಾಟ ಶುರುವಾಗುವ ಮೊದಲೇ, 2005ರಲ್ಲಿ, ನೂರು ವಿಮಾನಗಳಿಗೆ ಆರ್ಡರ್ ಕೊಟ್ಟಿತ್ತು. ರಾಶಿ ಕೊಂಡರೆ ರಿಯಾಯಿತಿ. ಕೊಂಡ ವಿಮಾನವನ್ನು ಬಾಡಿಗೆ ಕಂಪನಿಗೆ ಮಾರಿ ಅದನ್ನೇ ಬಾಡಿಗೆಗೆ ಪಡೆದರೆ ಕೈಯಲ್ಲಿ ನಗದು. ನಿಲ್ದಾಣದಲ್ಲಿ ಇಳಿದ ವಿಮಾನವನ್ನು ಬೇಗ ತಿರುಗಿಸಿ ಕಳಿಸಿದರೆ ದಿನಕ್ಕೆ ಇನ್ನೊಂದು ಸುತ್ತು. ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ. ಗಾತ್ರ ಬೆಳೆದಂತೆ ಪ್ರತಿ ಸೀಟಿನ ಖರ್ಚು ಇಳಿಯುತ್ತದೆ, ಖರ್ಚು ಇಳಿದಂತೆ ಗಾತ್ರ ಬೆಳೆಯುತ್ತದೆ.

ಅಂದರೆ ಇಂದಿನ ಪೈಪೋಟಿಯ ಕೊರತೆ ಬಹುಪಾಲು ಹಿಂದಿನ ತೀವ್ರ ಪೈಪೋಟಿಯಿಂದಲೇ ಹುಟ್ಟಿದ್ದು. ಇದು ಹಲವರಿಗೆ ಒಪ್ಪಲು ಕಷ್ಟವಾಗುವ ಮಾತು, ಆದರೆ ಭಾರತದ ಆಕಾಶದ ಚರಿತ್ರೆ ಹೇಳುವುದು ಅದನ್ನೇ.

ಹೊಸಬರು ಬರಲು ಏನು ಅಡ್ಡಿ?

ದೊಡ್ಡ ಕಂಪನಿಯೊಂದು ಇದ್ದರೂ ಅದು ಬೆಲೆ ಏರಿಸಿದ ಕೂಡಲೇ ಹೊಸಬರು ನುಗ್ಗಿ ಬರುವಂತಿದ್ದರೆ ಭಯವಿಲ್ಲ. 1980ರ ದಶಕದ ಆರಂಭದಲ್ಲಿ ವಿಲಿಯಂ ಬೊಮೊಲ್ ಮತ್ತವರ ಸಂಗಡಿಗರು ಈ ವಾದವನ್ನು ಬೆಳೆಸಿದರು. ಬರಬಹುದಾದವರ ಭಯವೇ ಇರುವವರನ್ನು ಹದ್ದುಬಸ್ತಿನಲ್ಲಿಡುತ್ತದೆ ಎಂಬುದು ಅದರ ತಿರುಳು. ವಿಮಾನಯಾನವನ್ನು ಆಗ ಇದಕ್ಕೆ ಒಳ್ಳೆಯ ಉದಾಹರಣೆ ಎಂದುಕೊಂಡಿದ್ದರು. ವಿಮಾನಕ್ಕೆ ರೆಕ್ಕೆಯಿದೆ, ಲಾಭವಿರುವ ದಾರಿಗೆ ಅದನ್ನು ತಿರುಗಿಸಿದರೆ ಆಯಿತು, ಅಲ್ಲವೇ? ಅಮೆರಿಕ 1978ರಲ್ಲಿ ದರ ನಿಯಂತ್ರಣ ತೆಗೆದ ನಂತರದ ಅಧ್ಯಯನಗಳು ಹಾಗಲ್ಲ ಎಂದು ತೋರಿಸಿದವು. ಒಂದು ಮಾರ್ಗದಲ್ಲಿ ನಿಜವಾಗಿ ಹಾರುತ್ತಿರುವ ಕಂಪನಿಗಳು ಎಷ್ಟು ಎಂಬುದರ ಮೇಲೆಯೇ ದರ ನಿಲ್ಲುತ್ತಿತ್ತು.

ಅಡ್ಡಿಗಳು ಹಲವು. ಮೊದಲನೆಯದು ಸ್ಲಾಟ್. ವಿಮಾನ ಹೊರಡಲು, ಇಳಿಯಲು ನಿಲ್ದಾಣ ಕೊಡುವ ನಿಗದಿತ ಸಮಯವಿದು. ಮುಂಬೈಯಂಥ ಕಿಕ್ಕಿರಿದ ನಿಲ್ದಾಣದಲ್ಲಿ ಬೆಳಿಗ್ಗೆ ಏಳು ಗಂಟೆಯ ಸ್ಲಾಟ್ ಚಿನ್ನದಷ್ಟು ಬೆಲೆಯುಳ್ಳದ್ದು. ಕೊಟ್ಟ ಸ್ಲಾಟ್‌ಗಳಲ್ಲಿ ಶೇ 80ರಷ್ಟನ್ನು ಬಳಸಿದರೆ ಮುಂದಿನ ಋತುವಿಗೂ ಅದು ಅದೇ ಕಂಪನಿಗೆ. ಹೀಗಾಗಿ ಒಳ್ಳೆಯ ಹೊತ್ತುಗಳೆಲ್ಲ ಹಳಬರ ಕೈಯಲ್ಲೇ ಉಳಿಯುತ್ತವೆ. ಹೊಸಬರಿಗೆ ಸಿಗುವುದು ನಡುರಾತ್ರಿ, ನಡುಮಧ್ಯಾಹ್ನ. ವ್ಯವಹಾರಕ್ಕಾಗಿ ಓಡಾಡುವ, ಹೆಚ್ಚು ದರ ಕೊಡುವ ಪ್ರಯಾಣಿಕ ಆ ಹೊತ್ತಿಗೆ ಬರುವುದಿಲ್ಲ.

ಎರಡನೆಯದು ವಿಮಾನಗಳು. ದೊಡ್ಡ ಪ್ರಯಾಣಿಕ ವಿಮಾನ ಮಾಡುವವರು ಜಗತ್ತಿನಲ್ಲಿ ಮುಖ್ಯವಾಗಿ ಇಬ್ಬರೇ: ಏರ್‌ಬಸ್, ಬೋಯಿಂಗ್. ಅದೂ ಒಂದು ದ್ವಿಸ್ವಾಮ್ಯ. 2023ರಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೆ, ಇಂಡಿಗೊ 500 ವಿಮಾನಗಳಿಗೆ ಆರ್ಡರ್ ಪ್ರಕಟಿಸಿದವು. ಇಂದು ಹೊಸ ಕಂಪನಿಯೊಂದು ಹೋಗಿ ಕೇಳಿದರೆ ಸರದಿ ಬರುವುದು ವರ್ಷಗಳ ನಂತರ.

ಪೈಲಟ್‌ಗಳು ಸಿದ್ಧವಾಗಲೂ ಕಾಲ ಬೇಕು. ವಿಮಾನ ಇಂಧನ ಜಿಎಸ್‌ಟಿಯ ಹೊರಗಿದೆ, ರಾಜ್ಯಗಳು ತಮಗೆ ಬೇಕಾದಂತೆ ತೆರಿಗೆ ಹಾಕುತ್ತವೆ. ವಿದೇಶಿ ವಿಮಾನ ಕಂಪನಿಗಳು ಭಾರತದೊಳಗಿನ ಎರಡು ಊರುಗಳ ನಡುವೆ ಪ್ರಯಾಣಿಕರನ್ನು ಒಯ್ಯುವಂತಿಲ್ಲ. ಇಲ್ಲಿನ ಕಂಪನಿಯಲ್ಲಿ ಅವರು ಹೂಡಬಹುದಾದ ಪಾಲಿಗೂ ಶೇ 49ರ ಮಿತಿಯಿದೆ. ಇವೆಲ್ಲವನ್ನೂ ದಾಟಿ 2022ರಲ್ಲಿ ಹಾರಾಟ ಶುರುಮಾಡಿದ ಆಕಾಸ ಮೂರು ವರ್ಷದ ಮೇಲೂ ಶೇ ಐದರ ಹತ್ತಿರವೇ ಇದೆ.

ಒಂದೇ ಸೀಟಿಗೆ ಹತ್ತು ಬೆಲೆ

ಪಕ್ಕಪಕ್ಕದ ಸೀಟಿನವರಲ್ಲಿ ಒಬ್ಬರು ಮೂರು ಸಾವಿರ, ಇನ್ನೊಬ್ಬರು ಒಂಬತ್ತು ಸಾವಿರ ಕೊಟ್ಟಿರುತ್ತಾರೆ. ಇದಕ್ಕೆ ಬೆಲೆ ತಾರತಮ್ಯ ಎಂದು ಹೆಸರು. ತಿಂಗಳ ಮೊದಲೇ ಕೊಳ್ಳುವವರು ಸಾಮಾನ್ಯವಾಗಿ ಪ್ರವಾಸಿಗರು, ದುಬಾರಿಯಾದರೆ ದಿನ ಬದಲಿಸುತ್ತಾರೆ. ಹಿಂದಿನ ದಿನ ಕೊಳ್ಳುವವರಿಗೆ ಹೋಗಲೇಬೇಕಾಗಿರುತ್ತದೆ. ಸೀಟುಗಳನ್ನು ಬೇರೆ ಬೇರೆ ದರದ ಗುಂಪುಗಳಾಗಿ ವಿಂಗಡಿಸಿ, ಅಗ್ಗದ ಗುಂಪು ಖಾಲಿಯಾದಂತೆ ಮುಂದಿನದಕ್ಕೆ ಹೋಗುವ ಕೆಲಸವನ್ನು ಗಣಕಯಂತ್ರ ಮಾಡುತ್ತದೆ. ಪೈಪೋಟಿ ಇದ್ದಾಗಲೂ ಇದು ನಡೆಯುತ್ತದೆ. ಪೈಪೋಟಿ ಇಲ್ಲದಿದ್ದಾಗ ಆ ದರಗಳ ಏಣಿಯ ಮೇಲಿನ ಮೆಟ್ಟಿಲುಗಳು ತುಂಬ ಎತ್ತರಕ್ಕೆ ಹೋಗುತ್ತವೆ. ಸಾವಿನ ಮನೆಗೆ ಹೊರಟವರು ಚೌಕಾಸಿ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ.

ಕಾನೂನು ಏನನ್ನು ತಡೆಯುತ್ತದೆ?

ಭಾರತದಲ್ಲಿ 1969ರ ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ (ಎಂಆರ್‌ಟಿಪಿ) ಕಾನೂನು ದೊಡ್ಡ ಗಾತ್ರವನ್ನೇ ಅನುಮಾನದಿಂದ ನೋಡುತ್ತಿತ್ತು. ಅದರ ಜಾಗಕ್ಕೆ ಬಂದ 2002ರ ಸ್ಪರ್ಧಾ ಕಾಯ್ದೆಯ ದೃಷ್ಟಿ ಬೇರೆ. ದೊಡ್ಡದಾಗಿರುವುದು ಅಪರಾಧವಲ್ಲ, ಆ ಪ್ರಾಬಲ್ಯದ ದುರ್ಬಳಕೆ ಅಪರಾಧ. ಇದನ್ನು ಜಾರಿಗೊಳಿಸುವುದು ಭಾರತೀಯ ಸ್ಪರ್ಧಾ ಆಯೋಗ. ಒಳಒಪ್ಪಂದ ಮತ್ತು ದುರ್ಬಳಕೆಯ ವಿಚಾರಣೆಯ ಅಧಿಕಾರ ಅದಕ್ಕೆ 2009ರ ಮೇ ತಿಂಗಳಿಂದ, ವಿಲೀನಗಳ ಪರಿಶೀಲನೆಯ ಅಧಿಕಾರ 2011ರ ಜೂನ್‌ನಿಂದ ಬಂತು.

ಕಾಯ್ದೆಯ 3ನೇ ಸೆಕ್ಷನ್ ಪೈಪೋಟಿಗರ ಒಳಒಪ್ಪಂದವನ್ನು ತಡೆಯುತ್ತದೆ. ವಿಮಾನ ಕಂಪನಿಗಳದೇ ಒಂದು ಪ್ರಕರಣವಿದೆ. ಸರಕು ಸಾಗಣೆಗೆ ಕಿಲೋಗೆ ಐದು ರೂಪಾಯಿಯಿಂದ 2008ರಲ್ಲಿ ಶುರುವಾದ ಇಂಧನ ಅಧಿಭಾರವನ್ನು (ಸರ್‌ಚಾರ್ಜ್) ಹಲವು ಕಂಪನಿಗಳು ಹೆಚ್ಚುಕಡಿಮೆ ಒಂದೇ ಸಮಯಕ್ಕೆ, ಒಂದೇ ಮೊತ್ತದಲ್ಲಿ ಏರಿಸುತ್ತ ಹೋದವು. ಇಂಧನದ ಬೆಲೆ ಇಳಿದಾಗ ಅದು ಇಳಿಯಲಿಲ್ಲ. ಆಯೋಗ 2015ರಲ್ಲಿ ಜೆಟ್, ಇಂಡಿಗೊ, ಸ್ಪೈಸ್‌ಜೆಟ್‌ಗೆ ಒಟ್ಟು 258 ಕೋಟಿ ರೂಪಾಯಿಯಷ್ಟು ದಂಡ ಹಾಕಿತು. ಮೇಲ್ಮನವಿಯಲ್ಲಿ ಪ್ರಕರಣ ಮರಳಿ ಬಂದು, 2018ರಲ್ಲಿ ಮತ್ತೆ ವಿಧಿಸಿದ ದಂಡ ಸುಮಾರು 54 ಕೋಟಿಗೆ ಇಳಿಯಿತು. ಪ್ರಯಾಣಿಕರ ಟಿಕೆಟ್ ದರದ ಬಗ್ಗೆಯೂ ಇಂಥದ್ದೇ ತನಿಖೆ ನಡೆದಿತ್ತು. ಒಳಒಪ್ಪಂದಕ್ಕೆ ಪುರಾವೆ ಸಿಗದೆ 2021ರಲ್ಲಿ ಅದನ್ನು ಮುಗಿಸಲಾಯಿತು.

ಇಲ್ಲೊಂದು ಸೂಕ್ಷ್ಮವಿದೆ. ಎಲ್ಲರ ದರವೂ ಅಂತರ್ಜಾಲದಲ್ಲಿ ಕ್ಷಣಕ್ಷಣಕ್ಕೆ ಕಾಣುತ್ತಿರುವಾಗ, ಒಬ್ಬರು ಏರಿಸಿದ್ದನ್ನು ನೋಡಿ ಇನ್ನೊಬ್ಬರೂ ಏರಿಸಬಹುದು. ಫೋನಿಲ್ಲ, ಸಭೆಯಿಲ್ಲ, ಕಾಗದವಿಲ್ಲ. ಪರಿಣಾಮ ಒಳಒಪ್ಪಂದದಂತೆಯೇ ಇದ್ದರೂ ಒಪ್ಪಂದ ಇರಲಿಲ್ಲವಾದ್ದರಿಂದ ಕಾನೂನು ಮುಟ್ಟುವುದಿಲ್ಲ. ಕಂಪನಿಗಳ ಸಂಖ್ಯೆ ಕಡಿಮೆಯಾದಷ್ಟೂ ಇದು ಸುಲಭ. ಹತ್ತು ಜನರ ನಡುವೆ ಮೌನ ಹೊಂದಾಣಿಕೆ ನಿಲ್ಲದು, ಇಬ್ಬರ ನಡುವೆ ನಿಲ್ಲುತ್ತದೆ.

4ನೇ ಸೆಕ್ಷನ್ ಪ್ರಾಬಲ್ಯದ ದುರ್ಬಳಕೆಯದು. ಅನ್ಯಾಯದ ಷರತ್ತು ಹೇರುವುದು, ಸೇವೆಯನ್ನು ಬೇಕೆಂದೇ ಕಡಿತ ಮಾಡುವುದು, ಪೈಪೋಟಿಗರನ್ನು ಓಡಿಸಲು ಖರ್ಚಿಗಿಂತ ಕಡಿಮೆಗೆ ಮಾರುವುದು ಇದರೊಳಗೆ ಬರುತ್ತವೆ. ಒಂದೇ ಕೆಲಸ ಚಿಕ್ಕವರು ಮಾಡಿದರೆ ಸರಿ, ಪ್ರಬಲರು ಮಾಡಿದರೆ ತಪ್ಪು ಎಂಬ ವಿಚಿತ್ರ ಇಲ್ಲಿದೆ. ಜಿಯೊ ಉಚಿತವಾಗಿ ಸೇವೆ ಕೊಟ್ಟಾಗ ಏರ್‌ಟೆಲ್ ದೂರು ಕೊಟ್ಟಿತು. 2017ರಲ್ಲಿ ಆಯೋಗ ಅದನ್ನು ತಳ್ಳಿಹಾಕಿತು. ಆಗ ಜಿಯೊ ಹೊಸಬ, ಪ್ರಾಬಲ್ಯವೇ ಇಲ್ಲ ಎಂಬುದು ಕಾರಣ. ಡಿಸೆಂಬರ್ ಅವಾಂತರದ ನಂತರ ಇಂಡಿಗೊ ವಿರುದ್ಧದ ದೂರನ್ನೂ ಆಯೋಗ ಪರಿಶೀಲನೆಗೆ ಎತ್ತಿಕೊಂಡಿತು. ಅಲ್ಲಿ ತೂಗಬೇಕಾದ ಪ್ರಶ್ನೆ ಎರಡು: ಕಂಪನಿ ಪ್ರಬಲವೇ? ಹೌದಾದರೆ, ನಡೆದದ್ದು ದುರ್ಬಳಕೆಯೇ, ಅಥವಾ ಬರೀ ಕೆಟ್ಟ ಯೋಜನೆಯೇ? ದುರ್ಬಳಕೆಯನ್ನು ಸಾಬೀತು ಮಾಡುವುದೇ ಕಷ್ಟದ ಕೆಲಸ. ಕೆಟ್ಟ ಯೋಜನೆಗೆ ಸ್ಪರ್ಧಾ ಕಾನೂನಿನಲ್ಲಿ ಶಿಕ್ಷೆಯಿಲ್ಲ.

ವಿಲೀನಗಳು ಮೂರನೇ ಭಾಗ. ಏರ್ ಇಂಡಿಯಾ–ವಿಸ್ತಾರಾ ಒಂದಾಗಲು 2023ರಲ್ಲಿ ಆಯೋಗ ಒಪ್ಪಿದ್ದು ಕಂಪನಿಗಳಿಂದ ಕೆಲವು ಬದ್ಧತೆಗಳನ್ನು ಪಡೆದ ಮೇಲೆ. ಆದರೆ ಇಂಡಿಗೊ ಬೆಳೆದದ್ದು ಯಾರನ್ನೂ ಕೊಂಡುಕೊಂಡು ಅಲ್ಲ. ಆ ಬಗೆಯ ಬೆಳವಣಿಗೆಯನ್ನು ಮೊದಲೇ ತಡೆದು ಪರಿಶೀಲಿಸುವ ಬಾಗಿಲು ಕಾಯ್ದೆಯಲ್ಲಿಲ್ಲ.

ಒಂದೇ ಇರಬೇಕಾದ ಕಡೆ

ಕೆಲವು ಸೇವೆಗಳಲ್ಲಿ ಇಬ್ಬರಿಗಿಂತ ಒಬ್ಬರಿರುವುದೇ ಅಗ್ಗ. ಒಂದೇ ಬೀದಿಗೆ ಎರಡು ವಿದ್ಯುತ್ ತಂತಿ ಜಾಲ ಹಾಕಿದರೆ ಖರ್ಚು ಇಮ್ಮಡಿ, ಪ್ರಯೋಜನ ಅಷ್ಟೇ. ಇವನ್ನು ಸಹಜ ಏಕಸ್ವಾಮ್ಯ ಎನ್ನುತ್ತಾರೆ. ವಿಮಾನ ನಿಲ್ದಾಣ ಬಹುಮಟ್ಟಿಗೆ ಈ ಜಾತಿಯದು. ಬೆಂಗಳೂರಿನಲ್ಲಿ ಇದಕ್ಕೆ ಒಪ್ಪಂದದ ಬೇಲಿಯೂ ಇದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ನಿಲ್ದಾಣ ತೆರೆದಾಗ ಎಚ್‌ಎಎಲ್ ನಿಲ್ದಾಣದ ಸಾಮಾನ್ಯ ಪ್ರಯಾಣಿಕ ಹಾರಾಟಗಳು ನಿಂತವು. ಮೈಸೂರು, ಹಾಸನ ಬಿಟ್ಟರೆ 150 ಕಿಲೋಮೀಟರ್ ದೂರದೊಳಗೆ 25 ವರ್ಷ, ಅಂದರೆ 2033ರವರೆಗೆ, ಇನ್ನೊಂದು ನಿಲ್ದಾಣಕ್ಕೆ ಅವಕಾಶವಿಲ್ಲ ಎಂಬ ಷರತ್ತು ಒಪ್ಪಂದದಲ್ಲಿದೆ. ಬೆಂಗಳೂರಿನ ಎರಡನೇ ನಿಲ್ದಾಣದ ಚರ್ಚೆ ಬಂದಾಗಲೆಲ್ಲ 2033 ಎಂಬ ಸಂಖ್ಯೆ ಕೇಳಿಬರುವುದು ಇದಕ್ಕೇ.

ಇಂಥ ಕಡೆ ಪೈಪೋಟಿಯ ಕೆಲಸವನ್ನು ನಿಯಂತ್ರಕರು ಮಾಡಬೇಕು. ದೊಡ್ಡ ನಿಲ್ದಾಣಗಳ ಶುಲ್ಕವನ್ನು 2008ರ ಕಾನೂನಿನಡಿ ರಚನೆಯಾದ ವಿಮಾನ ನಿಲ್ದಾಣ ಆರ್ಥಿಕ ನಿಯಂತ್ರಣ ಪ್ರಾಧಿಕಾರ ನಿರ್ಧರಿಸುತ್ತದೆ. ನಿಮ್ಮ ಟಿಕೆಟ್‌ನಲ್ಲಿ ‘ಬಳಕೆದಾರರ ಅಭಿವೃದ್ಧಿ ಶುಲ್ಕ’ ಎಂದು ಕಾಣುವ ಸಾಲಿನ ಮೊತ್ತ ಅಲ್ಲಿಂದ ಬಂದದ್ದು.

ದರಮಿತಿ ಸಾಕೇ?

ಏಕಸ್ವಾಮ್ಯವಿರುವ ಕಡೆ ದರಕ್ಕೆ ಮಿತಿ ಹಾಕಿದರೆ ಸರಕು ಕಡಿಮೆಯಾಗಲೇಬೇಕೆಂದಿಲ್ಲ. ಮಾರುವವರು ಬೇಕೆಂದೇ ಕಡಿಮೆ ಮಾರಿ ಬೆಲೆ ಏರಿಸುತ್ತಿದ್ದರೆ, ಸರಿಯಾಗಿ ಲೆಕ್ಕ ಹಾಕಿದ ಮಿತಿಯಿಂದ ಮಾರಾಟ ಹೆಚ್ಚಲೂಬಹುದು. ಆದರೆ ಡಿಸೆಂಬರ್‌ನ ಕೊರತೆ ಆ ಬಗೆಯದಲ್ಲ. ಹಾರಿಸಲು ಪೈಲಟ್‌ಗಳೇ ಇರಲಿಲ್ಲ. ಮಿತಿಯಿಂದ ಸಿಕ್ಕ ಸೀಟಿನ ಸುಲಿಗೆ ತಪ್ಪಿತು, ಹೊಸ ಸೀಟು ಒಂದೂ ಹುಟ್ಟಲಿಲ್ಲ. ಮಿತಿಯನ್ನು ಬಹುಕಾಲ ಇಟ್ಟರೆ ಅದರಿಂದ ಮೊದಲು ಬಳಲುವವರು ಹೆಚ್ಚು ಖರ್ಚಿನ ಸಣ್ಣ ಕಂಪನಿಗಳು, ದೊಡ್ಡವರಲ್ಲ.

ಇಂಡಿಗೊ ತನ್ನ ಚಳಿಗಾಲದ ವೇಳಾಪಟ್ಟಿಯಲ್ಲಿ ಶೇ 10ರಷ್ಟು ಹಾರಾಟ ಕಡಿತ ಮಾಡಬೇಕೆಂದು ಸರ್ಕಾರ ಆದೇಶಿಸಿತು. ಉದ್ದೇಶ, ಇರುವ ಪೈಲಟ್‌ಗಳಿಗೆ ಹೊಂದುವಷ್ಟೇ ಹಾರಾಟ ಇರಲಿ ಎಂಬುದು. ಬಿಟ್ಟ ಹಾರಾಟಗಳನ್ನು ಪೂರ್ತಿಯಾಗಿ ತುಂಬಿಕೊಳ್ಳುವಷ್ಟು ವಿಮಾನಗಳು ಬೇರೆಯವರ ಬಳಿ ಇರಲಿಲ್ಲ. ಅದೇ ತಿಂಗಳು ಹೊಸ ಕಂಪನಿಗಳಿಗೆ ಸಚಿವಾಲಯ ನಿರಾಕ್ಷೇಪಣಾ ಪತ್ರ ಕೊಟ್ಟಿತು, ನವಿ ಮುಂಬೈ ನಿಲ್ದಾಣ ಡಿಸೆಂಬರ್ 25ರಂದು ತೆರೆಯಿತು. ನಿರಾಕ್ಷೇಪಣಾ ಪತ್ರದಿಂದ ಹಾರಾಟದ ಪರವಾನಗಿಯವರೆಗಿನ ದಾರಿ ಉದ್ದ, ಅಲ್ಲಿಂದ ಹತ್ತು ವಿಮಾನಗಳವರೆಗಿನ ದಾರಿ ಇನ್ನೂ ಉದ್ದ. ಆದರೆ ಹೊಸ ನಿಲ್ದಾಣದಲ್ಲಿ ಹಳೆಯ ಹಕ್ಕಿನ ಸ್ಲಾಟ್‌ಗಳಿಲ್ಲ. ಅಲ್ಲಿನ ಬೆಳಗಿನ ಮತ್ತು ಸಂಜೆಯ ಹೊತ್ತುಗಳು ಮುಂದಿನ ಕೆಲವು ಋತುಗಳಲ್ಲಿ ಯಾರ ಪಾಲಾಗುತ್ತವೆ ಎಂಬ ಪಟ್ಟಿಯನ್ನು, ಟಿಕೆಟ್ ದರದ ಸುದ್ದಿಗಿಂತ ಹೆಚ್ಚು ಗಮನ ಕೊಟ್ಟು ಓದಬೇಕು.